ಯಾರ ಮನೆಗೆ ಬಂದಿದ್ದೀರಾ?

ಇಟಲಿಗೆ ಹೋಗಿ ಬಂದ ನಮ್ಮ ಕನ್ನಡದ ಹುಡುಗ ಹುಡುಗಿಯರ ಪ್ರವಾಸ ಕಥನಗಳನ್ನು ಒಂದಾದ ಮೇಲೊಂದು ಓದಿ ನೋಡಿ. ಪೀಸಾದ ವಾಲಿದ ಗೋಪುರಕ್ಕೆ ಕೈ ಕೊಟ್ಟು ನಿಂತ ಫೋಟೋ, ವೆನಿಸ್ಸಿನ ದೋಣಿ, ರೋಮಿನ ಕಲೋಸಿಯಂ, ಕೊನೆಗೆ ಅನ್ನ ಸಾರು ಸಿಗದೆ ಪಟ್ಟ ಪಾಡು. ಇಷ್ಟು ಎಲ್ಲರದ್ದೂ ಒಂದೇ. ಆದರೆ ಅಲ್ಲೊಂದು ಇಲ್ಲೊಂದು ಬರಹಕ್ಕೆ ಇದ್ದಕ್ಕಿದ್ದ ಹಾಗೆ ಜೀವ ಬಂದುಬಿಡುತ್ತದೆ. ಬರೆದವರು ಗುಂಪು ಬಿಟ್ಟು ಒಬ್ಬರೇ ರಾತ್ರಿ ರೈಲು ಹತ್ತಿರುತ್ತಾರೆ. ಬೆಳಗಿನ ಜಾವ ಭಾಷೆ ಗೊತ್ತಿಲ್ಲದ, ಗುರುತಿನವರು ಯಾರೂ ಇಲ್ಲದ ಊರಿನಲ್ಲಿ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದಿರುತ್ತಾರೆ. ಅಲ್ಲಿಂದ ಮುಂದಿನ ನಾಲ್ಕು ಪ್ಯಾರಾ ಓದೋದೇ ಒಂದು ಖುಷಿ.

ಇದು ಇಟಲಿಯ ಮಹಿಮೆ ಅಂತ ನನಗೆ ಅನ್ನಿಸುವುದಿಲ್ಲ. ರಾತ್ರಿ ರೈಲಿನ ಮಹಿಮೆ, ಒಬ್ಬರೇ ಇರುವುದರ ಮಹಿಮೆ. ರೈಲು ನಮ್ಮಲ್ಲೂ ಇದೆ, ಊರುಗಳೂ ಇವೆ. ಹಾಗಾದರೆ ನಮ್ಮ ಊರುಗಳ ಬಗ್ಗೆ ಅಂಥ ನಾಲ್ಕು ಪ್ಯಾರಾ ಯಾಕೆ ಹುಟ್ಟುವುದಿಲ್ಲ? ಈ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ :)

ಮೊದಲು ನನ್ನ ಪ್ರವರ. ನಾನು ಶಿಡ್ಲಘಟ್ಟದವಳು. ಅಪ್ಪ ರೇಷ್ಮೆ ರೀಲರ್. ಗೂಡು ಬೇಯುವ ವಾಸನೆಯಲ್ಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಓದಿ, ಎಂಜಿನಿಯರಿಂಗ್ ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಕಂಪನಿ ಕೆಲವು ತಿಂಗಳು ಮ್ಯೂನಿಕ್‌ಗೆ ಕಳಿಸಿತ್ತು. ಒಂದು ನವೆಂಬರ್ ಶುಕ್ರವಾರ ಅಲ್ಲಿಂದ ರೋಮ್‌ಗೆ ಹೋಗುವ ರಾತ್ರಿ ರೈಲು ಹತ್ತಿ, ರೋಮ್ ತನಕ ಹೋಗದೆ ನಡುವೆ ಬೊಲೊನ್ಯಾದಲ್ಲಿ ಇಳಿದುಕೊಂಡೆ. ರೋಮ್ ಯಾಕೆ ಬಿಟ್ಟೆ ಅಂತ ಟೀಮಿನವರು ಈಗಲೂ ಕೇಳುತ್ತಾರೆ. ಬೊಲೊನ್ಯಾ ಹಿಂದೊಮ್ಮೆ ರೇಷ್ಮೆ ಊರು. ರೇಷ್ಮೆ ಊರಿನವಳು ರೇಷ್ಮೆ ಊರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು ಹೇಳಿ.

ವಿಮಾನ ನಿಮ್ಮನ್ನು ಊರಾಚೆ ಇಳಿಸುತ್ತದೆ. ದೇವನಹಳ್ಳಿಯಲ್ಲಿ ಇಳಿದವರು ಬೆಂಗಳೂರಿನಲ್ಲಿ ಇಳಿದೆವು ಅಂತಾರೆ, ಪಾಪ. ರೈಲು ಹಾಗಲ್ಲ, ಊರಿನ ಹೊಟ್ಟೆಯೊಳಕ್ಕೇ ತಂದು ಬಿಡುತ್ತದೆ. ಅದರಲ್ಲೂ ರಾತ್ರಿ ರೈಲು ಬಂದು ಸೇರುವ ಹೊತ್ತೇ ಬೇರೆ. ನೋಡಬೇಕಾದ ಜಾಗ ಅಂತ ಪುಸ್ತಕದಲ್ಲಿ ಬರೆದಿರುವುದೆಲ್ಲ ಬೀಗ ಹಾಕಿರುತ್ತವೆ. ಮ್ಯೂಸಿಯಂ ಇಲ್ಲ, ಅಂಗಡಿ ಇಲ್ಲ, ಟಿಕೆಟ್ ಕೌಂಟರ್ ಇಲ್ಲ. ಬೇರೆ ದಾರಿಯಿಲ್ಲದೆ ಊರನ್ನೇ ನೋಡಬೇಕು. ಬೀದಿ ಗುಡಿಸುವವರು, ಬ್ರೆಡ್ ಗಾಡಿ, ಷಟರ್ ಎತ್ತುವ ಸದ್ದು, ನಾಯಿ ಹಿಡಿದುಕೊಂಡು ಹೊರಟ ಅಜ್ಜಂದಿರು. ಜೊತೆಯಲ್ಲಿ ಇನ್ನೊಬ್ಬರು ಇದ್ದರೆ ಇದೂ ಕಾಣುವುದಿಲ್ಲ. ಆಗ ನಾವು ನಮ್ಮ ಊರಿನ ಮಾತನ್ನೇ ಆಡಿಕೊಂಡು, ನಮ್ಮ ಆಫೀಸನ್ನೇ ಬೈದುಕೊಂಡು ನಡೆಯುತ್ತಿರುತ್ತೇವೆ. ಒಬ್ಬರೇ ಇದ್ದಾಗ ಮಾತ್ರ ಕಣ್ಣಿಗೆ ಕೆಲಸ.

ಸ್ಟೇಷನ್ನಿನಲ್ಲೇ ಮೊದಲ ಪಾಠ. ಬೊಲೊನ್ಯಾ ನಿಲ್ದಾಣದ ಹೊರಗೋಡೆಯಲ್ಲಿ ಒಂದು ಗಡಿಯಾರ 10:25ಕ್ಕೆ ನಿಂತಿದೆ. 1980ರ ಆಗಸ್ಟ್ 2ರಂದು ಇಲ್ಲಿನ ಎರಡನೇ ದರ್ಜೆ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ರಜೆಗೆ ಹೊರಟವರು, ರೈಲು ಕಾಯುತ್ತ ಕೂತಿದ್ದ ಪರಊರಿನವರು. ಊರು ಆ ಗಡಿಯಾರವನ್ನು ಅಲ್ಲಿಗೇ ನಿಲ್ಲಿಸಿಕೊಂಡಿದೆ. ವೇಟಿಂಗ್ ರೂಮಿನಲ್ಲಿ ಸತ್ತವರಿಗೆ ಊರಿನ ಹೆಬ್ಬಾಗಿಲಲ್ಲೇ ಜಾಗ.

ಎರಡನೇ ಪಾಠ ಬೀದಿಯಲ್ಲಿ. ಬೊಲೊನ್ಯಾದ ಬೀದಿಗಳಿಗೆಲ್ಲ ಮೊಗಸಾಲೆ ಇದೆ. ಮನೆಯ ಮೇಲಂತಸ್ತು ಬೀದಿಯ ಕಡೆ ಚಾಚಿ, ಅದಕ್ಕೆ ಕಂಬ ಕೊಟ್ಟು, ಕೆಳಗೆ ಜನ ಓಡಾಡುವ ಹಾಗೆ ಬಿಟ್ಟಿದ್ದಾರೆ. ಒಟ್ಟು ಸೇರಿಸಿದರೆ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಊರಾಚೆ ಗುಡ್ಡದ ಮೇಲಿರುವ ಸಾನ್ ಲೂಕಾ ಚರ್ಚಿನ ತನಕ ಒಂದೇ ಮೊಗಸಾಲೆ ಹತ್ತಿಕೊಂಡು ಹೋಗುತ್ತದೆ, 666 ಕಮಾನು, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್. ಆದರೆ ಉದ್ದಕ್ಕಿಂತ ನನಗೆ ಹಿಡಿಸಿದ್ದು ಅದರ ಕಾನೂನು. 1288ರಲ್ಲೇ ಊರಿನವರು ನಿಯಮ ಮಾಡಿಬಿಟ್ಟರು. ಹೊಸ ಮನೆ ಕಟ್ಟುವವರು ಮೊಗಸಾಲೆ ಬಿಡಲೇಬೇಕು, ಕುದುರೆ ಮೇಲೆ ಕೂತವನು ದಾಟುವಷ್ಟು ಎತ್ತರಕ್ಕೆ. ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. ಎಲ್ಲರದ್ದು ಅಂದರೆ ಅವತ್ತು ಬೆಳಿಗ್ಗೆ ಆರಕ್ಕೆ ಶಿಡ್ಲಘಟ್ಟದಿಂದ ಬಂದ ನನ್ನದೂ!

ಅವತ್ತು ಮಳೆ. ಛತ್ರಿ ಬಿಚ್ಚದೆ ಎರಡು ಗಂಟೆ ನಡೆದೆ. ಕಾಫಿ ಬಾರುಗಳು ತೆರೆದಿದ್ದವು. ಅಲ್ಲಿ ನಿಂತು ಕುಡಿದರೆ ಒಂದು ರೇಟು, ಕೂತು ಕುಡಿದರೆ ಇನ್ನೊಂದು, ಥೇಟ್ ನಮ್ಮ ದರ್ಶಿನಿಯ ವ್ಯವಹಾರ. ದೊಡ್ಡ ಚೌಕದಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೂರಬಹುದು. ಎದುರಿಗೇ ಊರಿನ ಸಾರ್ವಜನಿಕ ಗ್ರಂಥಾಲಯ, ಸಾಲಾ ಬೋರ್ಸಾ ಅಂತ. ತೆರೆದ ಮೇಲೆ ಯಾರು ಬೇಕಾದರೂ ಒಳಗೆ ಹೋಗಬಹುದು, ದುಡ್ಡಿಲ್ಲ. ಗಾಜಿನ ನೆಲದ ಕೆಳಗೆ ಹಳೆಯ ರೋಮನ್ ಊರಿನ ಅವಶೇಷ ಕಾಣುತ್ತದೆ. ಆ ದಿನವೆಲ್ಲ ನನ್ನನ್ನು ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಯಾರು, ಎಲ್ಲಿಂದ, ಯಾಕೆ, ಮದುವೆ ಆಗಿದೆಯಾ... ಊಹೂಂ. ನೆಮ್ಮದಿ ಅನ್ನಿಸಿತು. ನಿಜ ಹೇಳಬೇಕೆಂದರೆ ಸಾಯಂಕಾಲದ ಹೊತ್ತಿಗೆ ಸ್ವಲ್ಪ ಬಿಕೋ ಅನ್ನಿಸಿತು ಕೂಡ. ಇಟಲಿ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಜೇಬುಗಳ್ಳರಿದ್ದಾರೆ, ಮೈಬಣ್ಣ ನೋಡಿ ಮುಖ ತಿರುಗಿಸುವವರಿದ್ದಾರೆ. ಆದರೆ ಸುಮ್ಮನೆ ಊರು ನೋಡಲು ಒಬ್ಬಳೇ ಬಂದಿದ್ದೇನೆ ಅನ್ನುವುದಕ್ಕೆ ಅಲ್ಲಿ ಸಮಜಾಯಿಷಿ ಕೊಡಬೇಕಾಗಿಲ್ಲ.

ಮಾರನೇ ದಿನ ರೇಷ್ಮೆ ಹುಡುಕಿಕೊಂಡು ಹೋದೆ. ಊರಿನ ಅಂಚಿನಲ್ಲಿ ಕಾಲುವೆ ದಂಡೆಯ ಹಳೇ ಇಟ್ಟಿಗೆ ಗೂಡೊಂದನ್ನು ಕೈಗಾರಿಕಾ ಮ್ಯೂಸಿಯಂ ಮಾಡಿದ್ದಾರೆ. ಅದರೊಳಗೆ ರೇಷ್ಮೆ ನೂಲಿಗೆ ಹುರಿ ಹಾಕುವ ಪುರಾತನ ಯಂತ್ರದ ಆಳೆತ್ತರ ಮೀರಿದ ಮಾದರಿ. ನೀರಿನ ಚಕ್ರ ತಿರುಗಿದರೆ ನೂರಾರು ಕದಿರು ಒಟ್ಟಿಗೆ ತಿರುಗಬೇಕು, ಹಾಗೆ ಲೆಕ್ಕಾಚಾರ. 17ನೇ ಶತಮಾನದಲ್ಲಿ ಈ ಊರಿನಲ್ಲಿ ಇಂಥವು ನೂರಕ್ಕೂ ಹೆಚ್ಚಿದ್ದವು. ಯಂತ್ರದ ಗುಟ್ಟು ಹೊರಗೆ ಒಯ್ದವರಿಗೆ ಮರಣದಂಡನೆ ಅಂತ ಕಾನೂನಿತ್ತು. ಈಗ ಒಂದೂ ಇಲ್ಲ. ಕಾಲುವೆಗಳ ಮೇಲೆ ಚಪ್ಪಡಿ ಎಳೆದು ರಸ್ತೆ ಮಾಡಿದ್ದಾರೆ. ಒಂದು ಓಣಿಯ ಗೋಡೆಯಲ್ಲಿ ಪುಟ್ಟ ಕಿಟಕಿ ಇದೆ, ಅದನ್ನು ತೆರೆದರೆ ಉಳಿದಿರುವ ಕಾಲುವೆಯ ತುಂಡು ಕಾಣುತ್ತದೆ. ಅದನ್ನು ನೋಡಲು ಜಗತ್ತಿನ ಜನ ಕ್ಯೂ ನಿಲ್ಲುತ್ತಾರೆ. ಸತ್ತು ಹೋದ ರೇಷ್ಮೆ ಊರಿಗೆ ಇಷ್ಟು ಮರ್ಯಾದೆ. ಬದುಕಿರುವ ರೇಷ್ಮೆ ಊರು ನಮ್ಮದು, ಒಂದು ದಿನವಾದರೂ ಯಾರಾದರೂ ಅದನ್ನು ಸುಮ್ಮನೆ ನೋಡಲು ಬಂದದ್ದುಂಟಾ?

ಒಬ್ಬಳು ಬಂದಿದ್ದಳು. ಅವಳ ಕಥೆ ಹೇಳುತ್ತೇನೆ.

ನನ್ನ ಟೀಮಿನ ಪುಣೆಯ ಹುಡುಗಿ. ನಾನು ಆಫೀಸಿನಲ್ಲಿ ಗೂಡಿನ ಮಾರುಕಟ್ಟೆ ಬಗ್ಗೆ ಕೊರೆದದ್ದು ಕೇಳಿ ಕೇಳಿ, ಒಂದು ಶನಿವಾರ ನನಗೂ ಹೇಳದೆ ಬೆಳಗಿನ ಬಸ್ಸು ಹಿಡಿದು ಶಿಡ್ಲಘಟ್ಟಕ್ಕೆ ಹೋಗಿಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹತ್ತು ನಿಮಿಷದೊಳಗೆ ನಾಲ್ಕು ಜನ ಕೇಳಿದರಂತೆ, 'ಯಾರ ಮನೆಗೆ ಬಂದಿದ್ದೀರಾ?' ನಮ್ಮ ಕಡೆ ಕನ್ನಡ ಎಷ್ಟೋ ತೆಲುಗೂ ಅಷ್ಟೇ, ಆದ್ದರಿಂದ 'ಎವರಿಂಟಿಕಿ?' ಅಂತಲೂ ಕೇಳಿದ್ದಾರೆ. ಇವಳಿಗೆ ಎರಡೂ ಅರ್ಥವಾಗಿಲ್ಲ. ಗಾಬರಿಯಾಗಿ ನನಗೆ ಫೋನ್. ನಾನು ಅಮ್ಮನಿಗೆ ಫೋನ್. ಅಮ್ಮ ಅಪ್ಪನನ್ನು ಸ್ಕೂಟರಿನಲ್ಲಿ ಓಡಿಸಿದರು. ಆಮೇಲೆ ಉಪ್ಪಿಟ್ಟು, ಕಾಫಿ, ಪಕ್ಕದ ಮನೆ ಆಂಟಿ, ದೊಡ್ಡಮ್ಮ, ಮಧ್ಯಾಹ್ನ ಹೋಳಿಗೆ ಊಟ, ಹೊರಡುವಾಗ ಕುಂಕುಮ, ಬ್ಲೌಸ್ ಪೀಸು. ಸೋಮವಾರ ಆಫೀಸಿನಲ್ಲಿ ಕೇಳಿದೆ, ಊರು ಹೇಗಿತ್ತೇ? 'ನಿಮ್ಮಮ್ಮ ತುಂಬಾ ಒಳ್ಳೆಯವರು' ಅಂದಳು. ಮಾರುಕಟ್ಟೆ? ನೋಡಲೇ ಇಲ್ಲ!

ನಗು ಬಂತು, ಆಮೇಲೆ ಯೋಚನೆಗೆ ಹಚ್ಚಿತು. ನಮ್ಮ ಊರುಗಳು ಪರಊರಿನವರನ್ನು ಒಪ್ಪುವುದಿಲ್ಲ ಅಂತಲ್ಲ. ಯಾರದ್ದಾದರೂ ಮನೆಯವರನ್ನಾಗಿ ಮಾಡಿಕೊಂಡ ಮೇಲೆ ತಲೆ ಮೇಲೆ ಹೊತ್ತು ಮೆರೆಸುತ್ತವೆ. ಆದರೆ ಯಾರ ಮನೆಗೂ ಬರದೆ, ಊರಿಗೇ ಬಂದವರನ್ನು ಏನು ಮಾಡಬೇಕು ಅಂತ ಅವಕ್ಕೆ ಗೊತ್ತಿಲ್ಲ. ಮದುವೆಗೆ ಬರಬಹುದು, ದೇವರ ದರ್ಶನಕ್ಕೆ ಬರಬಹುದು, ಕೋರ್ಟು, ಆಸ್ಪತ್ರೆ, ಪರೀಕ್ಷೆ, ಹೆಣ್ಣು ನೋಡುವುದು, ಸೈಟು ನೋಡುವುದು, ಎಲ್ಲಕ್ಕೂ ಬರಬಹುದು. ಕೈವಾರಕ್ಕೆ, ಮುರುಗಮಲ್ಲಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಅವರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ, ಹರಕೆ ಇದೆಯಲ್ಲ. ಸುಮ್ಮನೆ ಊರು ನೋಡಲು ಬಂದೆ ಅಂದರೆ ಮಾತ್ರ ನಂಬುವುದಿಲ್ಲ. ಗಂಡಸಾದರೆ ಏನೋ ಮಸಲತ್ತು ಅಂದುಕೊಳ್ಳುತ್ತಾರೆ. ಹೆಂಗಸಾದರೆ ಮನೆಯಲ್ಲಿ ಜಗಳ ಅಂದುಕೊಳ್ಳುತ್ತಾರೆ.

ಇದು ತಮಾಷೆಯಾಗಿ ಉಳಿಯುವುದು ಅಪ್ಪನ ಸ್ಕೂಟರ್ ಬರುವ ಊರಿನಲ್ಲಿ ಮಾತ್ರ. ಸ್ಕೂಟರ್ ಬರದ ಊರಿನಲ್ಲಿ ಏನಾಗುತ್ತದೆ?

ನಮ್ಮ ಜಿಲ್ಲೆಯ ಈ ನಾಲ್ಕು ಊರುಗಳಲ್ಲಿ ದೂರದ ರಾತ್ರಿ ರೈಲಿನ ಭಾಗ್ಯ ಇರುವುದು ಗೌರಿಬಿದನೂರಿಗೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕೋಲಾರದ ಲೈನಿನಲ್ಲಿವೆ. ಹಳೇ ನ್ಯಾರೋ ಗೇಜ್ ಹೋಗಿ ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಬ್ರಾಡ್ ಗೇಜ್ ರೈಲು ಓಡಿದ್ದು 2013ರಲ್ಲಿ. ಗೌರಿಬಿದನೂರು ಮಾತ್ರ ಗುಂತಕಲ್ ಕಡೆಯ ದೊಡ್ಡ ಲೈನಿನ ಮೇಲಿದೆ. ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹೊತ್ತು ಈ ದಾರಿಯಲ್ಲೇ ಹಾಯುತ್ತದೆ. ಹಿಂದೂಪುರ, ಧರ್ಮಾವರಂ, ಅನಂತಪುರ, ಗುಂತಕಲ್ ಅಂತ ನಿದ್ದೆಯಲ್ಲೇ ಆಂಧ್ರ ದಾಟಿಸಿ ಬಳ್ಳಾರಿಯಲ್ಲಿ ಮತ್ತೆ ಕರ್ನಾಟಕಕ್ಕೆ ಕಣ್ಣು ತೆರೆಸುತ್ತದೆ. ಆಲ್ಪ್ಸ್ ಏನೂ ಇಲ್ಲ. ಆದರೆ ಒಂದು ಕನ್ನಡದಲ್ಲಿ ಮಲಗಿ ಇನ್ನೊಂದು ಕನ್ನಡದಲ್ಲಿ ಏಳುವ ಸುಖ ಆಲ್ಪ್ಸಿನಲ್ಲಿ ಎಲ್ಲಿ ಸಿಗಬೇಕು? ಮಲಗುವಾಗ 'ಬತ್ತೀರಾ?', ಏಳುವಾಗ 'ಬರ್ತೀರೇನ್ರೀ?'

ವಾಪಸು ಬಂದ ಮೇಲೆ ಗೌರಿಬಿದನೂರಿನಲ್ಲಿ ಆ ರೈಲು ಹತ್ತಿ ಹೊಸಪೇಟೆಗೆ ಒಬ್ಬಳೇ ಹೋದೆ. ಹಂಪಿಗೆ ಹೋಗಲು ನನಗೆ ಒಂದು ಬೊಲೊನ್ಯಾ ಕಾರಣವೂ ಇತ್ತು. 1500ರ ದಶಕದ ಮೊದಲ ವರ್ಷಗಳಲ್ಲಿ ಬೊಲೊನ್ಯಾದ ಲುಡೊವಿಕೊ ದಿ ವರ್ತೇಮಾ ಅನ್ನುವವನು ಹಡಗು ಹತ್ತಿ ಊರೂರು ಸುತ್ತುತ್ತ ವಿಜಯನಗರಕ್ಕೆ ಬಂದು ಹೋಗಿದ್ದ. 1510ರಲ್ಲಿ ರೋಮ್‌ನಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಆ ಪಟ್ಟಣದ ವರ್ಣನೆ ಇದೆ. ಅವನಿಗಿಂತ ಮುಂಚೆ, ಸುಮಾರು 1420ರಲ್ಲಿ, ವೆನಿಸ್ ಕಡೆಯ ನಿಕೊಲೊ ಕೊಂತಿ ಬಂದಿದ್ದ. ಅಂದರೆ ನೋಡಿ, ನಾವು ಇಟಲಿಯ ಅಪರಿಚಿತ ಊರಿನಲ್ಲಿ ಇಳಿದು ಬೆರಗಾಗುವುದಕ್ಕೆ ಐನೂರು ವರ್ಷ ಮುಂಚೆಯೇ ಅವರು ನಮ್ಮ ಊರಿನಲ್ಲಿ ಇಳಿದು ಬೆರಗಾಗಿದ್ದರು. ಅವರು ಕಂಡದ್ದು ನಮಗೆ ಇವತ್ತಿಗೂ ಚರಿತ್ರೆಯ ಆಧಾರ. ಊರಿನವರು ಬರೆಯದೆ ಬಿಡುವುದನ್ನು ಪರಕೀಯ ಬರೆಯುತ್ತಾನೆ. ಸಂತೆಯಲ್ಲಿ ಏನು ಮಾರುತ್ತಾರೆ, ಯಾರು ಏನು ಉಡುತ್ತಾರೆ ಅಂತ. ದಿನಾ ನೋಡುವವರಿಗೆ ಅದು ಬರೆಯುವ ವಿಷಯ ಅಂತ ಅನ್ನಿಸುವುದೇ ಇಲ್ಲ.

ರೈಲಿನ ತನಕ ಎಲ್ಲ ಸಲೀಸು. ದೂರದ ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರಿನಲ್ಲಿ ಹೆಂಗಸರಿಗೆ ಅಂತ ಆರು ಬರ್ತಿನ ಕೋಟಾ ಇದೆ, ಒಬ್ಬಳೇ ಹೋದರೂ ಸಿಗುತ್ತದೆ. ಟಿಟಿಇ ಟಿಕೆಟ್ ನೋಡಿ ಮುಂದೆ ಹೋದರು, ಯಾಕೆ ಒಬ್ಬರೇ ಅಂತ ಕೇಳಲಿಲ್ಲ. ಹಗಲೆಲ್ಲ ಹಂಪಿ ಸುತ್ತಿದ್ದೂ ಆಯಿತು, ಕಾಲು ಬಿದ್ದು ಹೋಗುವ ಹಾಗೆ. ಅಲ್ಲಿಂದ ಮುಂದೆ ಉತ್ತರಕ್ಕೆ ಹೋದ ಇನ್ನೊಂದು ಊರಿನಲ್ಲಿ ತೊಡಕು. ಲಾಡ್ಜಿನ ಕೌಂಟರಿನಲ್ಲಿ ಗುರುತಿನ ಚೀಟಿ ಕೊಟ್ಟೆ. ಅದನ್ನು ಮುಟ್ಟದೆಯೇ ಕೇಳಿದರು.

'ಒಬ್ಬರೇನಾ ಮೇಡಂ?'

'ಹೌದು.'

'ಜೊತೆಗೆ ಯಾರೂ ಬರೋದಿಲ್ವಾ?'

'ಇಲ್ಲ.'

'ಸಿಂಗಲ್ ಲೇಡೀಸಿಗೆ ಕೊಡಲ್ಲ ಮೇಡಂ. ಓನರ್ ಹೇಳಿದ್ದಾರೆ. ಫ್ಯಾಮಿಲಿ ಆದ್ರೆ ಕೊಡ್ತೀವಿ.'

ಮೂರು ಕಡೆ ಇದೇ ಮಾತು. ಒಬ್ಬರಂತೂ ಮರ್ಯಾದೆಯಿಂದಲೇ ಹೇಳಿದರು, 'ಹಾಗಲ್ಲಮ್ಮ, ಏನಾದ್ರೂ ಮಾಡ್ಕೊಂಡ್ಬಿಟ್ರೆ ನಮಗೆ ಪೊಲೀಸ್ ಕಾಟ.' ನಾನು ದುಡ್ಡು ಕೊಡಲು ಸಿದ್ಧ, ಗುರುತು ತೋರಿಸಲು ಸಿದ್ಧ, ಮಾತಾಡುವುದು ಅದೇ ಕನ್ನಡ. ಆದರೂ ನಾನು ಸಾಯಲು ಬಂದವಳು ಅಥವಾ ಓಡಿ ಬಂದವಳು, ನೋಡಲು ಬಂದವಳಲ್ಲ! ಅದೇ ಹೊತ್ತಿಗೆ ಪಕ್ಕದಲ್ಲಿ ಒಬ್ಬಳೇ ಬಂದಿದ್ದ ವಿದೇಶಿ ಹುಡುಗಿಗೆ ರೂಮು ಸಿಕ್ಕಿತು. ಅವಳ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅರ್ಥ ಇಷ್ಟೇ ಅಲ್ಲವಾ? ಒಂಟಿಯಾಗಿ ಊರು ನೋಡುವುದು ಅವಳಿಗೆ ಹವ್ಯಾಸ, ನನಗೆ ಕೇಸು.

ಹೀಗಿರುವಾಗ ನಮ್ಮ ಊರುಗಳ ಬಗ್ಗೆ ಆ ನಾಲ್ಕು ಪ್ಯಾರಾ ಯಾರು ಬರೆಯಬೇಕು ಹೇಳಿ. ಹೆಂಗಸರು ಒಬ್ಬರೇ ಊರು ನೋಡಲಾಗದಿದ್ದರೆ ಅರ್ಧಕ್ಕರ್ಧ ಕಣ್ಣುಗಳು ಮುಚ್ಚಿದ ಹಾಗೆ. ಉಳಿದರ್ಧದಲ್ಲೂ ಒಂಟಿ ಗಂಡಸಿಗೆ ರೂಮಿಲ್ಲ ಅನ್ನುವ ಲಾಡ್ಜುಗಳಿವೆ, ಗೆಳೆಯರು ಹೇಳಿದ್ದಾರೆ.

'ಸುಮ್ನಿರೇ, ಕಾಲ ಕೆಟ್ಟಿದೆ' ಅಂತಾರೆ ಅಮ್ಮ. ಹಂಪಿ ಹತ್ತಿರವೇ, ಸಣಾಪುರದಲ್ಲಿ, 2025ರ ಮಾರ್ಚಿನಲ್ಲಿ ರಾತ್ರಿ ನಕ್ಷತ್ರ ನೋಡುತ್ತ ಕೂತಿದ್ದವರ ಮೇಲೆ ನಡೆದ ಅತ್ಯಾಚಾರ, ಕೊಲೆ ನಮಗೆಲ್ಲ ನೆನಪಿದೆ. ಅಮ್ಮನ ಮಾತನ್ನು ಹಗುರವಾಗಿ ತಳ್ಳಿಹಾಕುವುದಕ್ಕೆ ಆಗುವುದಿಲ್ಲ. ಆದರೆ ಗಮನಿಸಿ, ಅವತ್ತು ಅವರು ಒಬ್ಬರೇ ಇರಲಿಲ್ಲ. ಐದು ಜನ ಇದ್ದರು, ಅದರಲ್ಲಿ ಮೂವರು ಗಂಡಸರು. ಜೊತೆಗೆ ಜನ ಇದ್ದರೆ ಕ್ಷೇಮ ಅನ್ನುವ ಲೆಕ್ಕ ಅಲ್ಲೇ ತಪ್ಪಿತು. ಇನ್ನು ಲಾಡ್ಜಿನವರು ರೂಮು ಕೊಡದೆ ರಾತ್ರಿ ಒಂಬತ್ತಕ್ಕೆ ಬೀದಿಗೆ ಕಳಿಸಿದರೆ ಅದು ಯಾವ ಸುರಕ್ಷತೆ? ಬಾಗಿಲು ಹಾಕಿಕೊಳ್ಳುವುದರಿಂದ ಒಳಗಿರುವವರಿಗೆ ಕ್ಷೇಮ, ಹೊರಗೆ ನಿಂತವಳಿಗಲ್ಲ. ಬೊಲೊನ್ಯಾದ ನಸುಕಿನಲ್ಲಿ ನನಗೆ ಧೈರ್ಯ ಕೊಟ್ಟದ್ದು ಪೊಲೀಸರಲ್ಲ. ದೀಪ ಇದ್ದ ಮೊಗಸಾಲೆ, ತೆರೆದಿದ್ದ ಕಾಫಿ ಅಂಗಡಿ, ಕೆಲಸಕ್ಕೆ ಹೊರಟಿದ್ದ ಬೇರೆ ಹೆಂಗಸರು. ಬೀದಿಯಲ್ಲಿ ಹೆಂಗಸರು ಹೆಚ್ಚಿದಷ್ಟೂ ಬೀದಿ ಹೆಂಗಸರದ್ದಾಗುತ್ತದೆ.

ಆ ಕೆಲಸ ನಮ್ಮಲ್ಲಿ ಶುರುವಾಗಿಯೂ ಆಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಅದರ ಖರ್ಚು ವೆಚ್ಚದ ಜಗಳ ಏನೇ ಇರಲಿ, ನಮ್ಮ ಓಣಿಯಲ್ಲಿ ಚಿಕ್ಕಬಳ್ಳಾಪುರ ದಾಟದಿದ್ದ ಅಜ್ಜಿಯರು ಧರ್ಮಸ್ಥಳ ನೋಡಿ ಬಂದರು. ಕೆಲವರು ಎರಡನೇ ಸಲ ಹೋದರು. 'ಯಾರ ಜೊತೆ ಹೋಗಿದ್ರಿ?' ಅಂದರೆ ಒಬ್ಬ ಅಜ್ಜಿ, 'ಯಾರ್ ಜೊತೆಗೆ? ಬಸ್ ಜೊತೆಗೆ!' ಅಂದರು. ಬಸ್ಸು ಒಪ್ಪಿದೆ, ರೈಲು ಯಾವಾಗಲೋ ಒಪ್ಪಿದೆ. ಇನ್ನು ಒಪ್ಪಬೇಕಾಗಿರುವುದು ಊರು.

ಊರಿಗೆ ಇದು ಹೊಸ ವಿದ್ಯೆಯೂ ಅಲ್ಲ. ಬೊಲೊನ್ಯಾದ ಮೊಗಸಾಲೆ ನೋಡುವಾಗ ನನಗೆ ನೆನಪಾದದ್ದು ನಮ್ಮ ಜಗಲಿ. ಜಾಗ ಮನೆಯವರದ್ದು, ಕೂರುವ ಹಕ್ಕು ದಾರಿಹೋಕರದ್ದು. ಮಳೆ ಬಂದರೆ ನಿಲ್ಲಲು, ಬಿಸಿಲಿಗೆ ಮಜ್ಜಿಗೆ ಕುಡಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ಶಿಡ್ಲಘಟ್ಟದಲ್ಲಿ ಜಗಲಿ ಹುಡುಕಬೇಕು. ಇರುವುದಕ್ಕೂ ಕಬ್ಬಿಣದ ಗ್ರಿಲ್ ಬಿದ್ದಿದೆ, ಒಳಗೆ ಸ್ಕೂಟರ್ ನಿಂತಿದೆ. ಅರವಟ್ಟಿಗೆ ಇತ್ತು, ಛತ್ರ ಇತ್ತು. ಬೆಂಗಳೂರು ರೈಲ್ವೆ ಸ್ಟೇಷನ್ ಎದುರು ಗುಬ್ಬಿ ತೋಟದಪ್ಪನವರು ಧರ್ಮಛತ್ರ ಕಟ್ಟಿಸಿದ್ದು ಯಾಕೆ? ರೈಲಿಳಿದು ಬರುವವರಿಗೆ ಆ ಊರಿನಲ್ಲಿ ಯಾರ ಮನೆಯೂ ಇರುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. 'ಯಾರ ಮನೆಗೆ?' ಅನ್ನುವ ಪ್ರಶ್ನೆಗೆ ಛತ್ರವೇ ಉತ್ತರ. ನಿನಗೆ ಯಾರ ಮನೆಯೂ ಇಲ್ಲದಿದ್ದರೆ ಇದು ನಿನ್ನ ಮನೆ ಅಂತ.

ಸರಿ, ಯಾರೋ ಒಬ್ಬಳು ಹಂಪಿ ಎಕ್ಸ್‌ಪ್ರೆಸ್ಸನ್ನು ಉಲ್ಟಾ ಹಿಡಿದು ಹುಬ್ಬಳ್ಳಿ ಕಡೆಯಿಂದ ಬೆಳಗಿನ ಜಾವ ಗೌರಿಬಿದನೂರಿನಲ್ಲಿ ಇಳಿದಳು ಅಂದುಕೊಳ್ಳಿ. ನಮ್ಮಲ್ಲಿ ನೋಡುವುದಕ್ಕೆ ಏನಿದೆ ಮಹಾ ಅಂತೀರಾ?

ಗೌರಿಬಿದನೂರಿನ ಹತ್ತಿರದಲ್ಲೇ ವಿದುರಾಶ್ವತ್ಥ. ಸಾವಿರಾರು ನಾಗರ ಕಲ್ಲುಗಳಿರುವ ಕ್ಷೇತ್ರ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ಮಾರಕ ಇದೆ, ಬಲಿಯಾದವರ ಹೆಸರುಗಳಿವೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ನಾವು ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದದ್ದೇ ಬಂತು. ಬೊಲೊನ್ಯಾದ ನಿಂತ ಗಡಿಯಾರದ ಮುಂದೆ ನಿಂತ ಹಾಗೆ ಅಲ್ಲಿ ನಿಂತು ಆ ಹೆಸರುಗಳನ್ನು ಒಂದೊಂದಾಗಿ ಓದುವವರು ಎಷ್ಟು ಜನ?

ಚಿಕ್ಕಬಳ್ಳಾಪುರದ್ದು ಬೇರೆ ಕಥೆ. ವೀಕೆಂಡ್ ಬಂದರೆ ಬೆಂಗಳೂರಿನ ಅರ್ಧ ಬೈಕುಗಳು ನಂದಿಬೆಟ್ಟದ ಸೂರ್ಯೋದಯಕ್ಕೆ, 2023ರಿಂದ ಈಚೆಗೆ ಆದಿಯೋಗಿ ಪ್ರತಿಮೆಗೆ. ಸೂರ್ಯ ಹುಟ್ಟಿದ, ಫೋಟೋ ಆಯಿತು, ವಾಪಸ್. ಬೆಟ್ಟದ ಬುಡದಲ್ಲೇ ಇರುವ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರೆ ಸಿಗುವ ತಂಪು ಅವರಿಗೆ ಬೇಡ. ಊರಿನೊಳಗೆ ಒಂದು ಕಾಫಿಗೂ ನಿಲ್ಲುವುದಿಲ್ಲ. ಚಿಂತಾಮಣಿ ಹತ್ತಿರ ಕೈವಾರದ ಬೆಟ್ಟ ಇದೆ, ತೆಲುಗು ಕನ್ನಡ ಎರಡರಲ್ಲೂ ತತ್ವಪದ ಹಾಡಿದ ನಾರೇಯಣ ತಾತಯ್ಯನವರ ನೆಲ. ಎರಡು ಭಾಷೆ ಒಂದೇ ಬಾಯಲ್ಲಿ ಹೇಗೆ ಸಂಸಾರ ಮಾಡುತ್ತವೆ ಅಂತ ಕೇಳಬೇಕಾದರೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತರೆ ಸಾಕು.

ಕೊನೆಗೆ ನಮ್ಮೂರು. ಬೆಳಗಾಗುತ್ತಲೇ ಗೂಡಿನ ಮಾರುಕಟ್ಟೆಗೆ ಬನ್ನಿ. ಸುತ್ತಲಿನ ಹಳ್ಳಿಗಳಿಂದ, ಪಕ್ಕದ ತಾಲ್ಲೂಕುಗಳಿಂದ ಗೂಡು ಬಂದು ಬೀಳುತ್ತದೆ. ಹೆಚ್ಚಿನವು ಹಳದಿ ಛಾಯೆಯ ಮಿಶ್ರತಳಿ, ನಡುವೆ ಬೆಳ್ಳಗಿನ ದ್ವಿತಳಿ. ರೀಲರುಗಳು ಒಂದು ಹಿಡಿ ಗೂಡೆತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಮುಖದಲ್ಲಿ ಏನೂ ತೋರಿಸುವುದಿಲ್ಲ. ಬೆಲೆ ಕೂಗುವುದು ಹೋಗಿ ಈಗ ಇ-ಹರಾಜು, ಆದರೂ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಗಲಾಟೆ. ಒಳಗಿರುವ ಹುಳು ಚಿಟ್ಟೆಯಾಗಿ ಗೂಡು ಕೊರೆದುಬಿಟ್ಟರೆ ಎಳೆ ಹಾಳು, ಆದ್ದರಿಂದ ಎಲ್ಲಕ್ಕೂ ಅವಸರ. ಒಂದು ಒಳ್ಳೆಯ ದ್ವಿತಳಿ ಗೂಡಿನ ಎಳೆ ಬಿಚ್ಚುತ್ತ ಹೋದರೆ ಸಾವಿರ ಮೀಟರ್ ಬರುತ್ತದೆ. ಬೊಲೊನ್ಯಾದಲ್ಲಿ ಇದನ್ನು ನಾನು ಟಿಕೆಟ್ ಕೊಟ್ಟು ಮಾದರಿಯಲ್ಲಿ ನೋಡಿದೆ. ಇಲ್ಲಿ ಬಿಸಿ ನೀರಿನಲ್ಲಿ ಬೆರಳು ಬೆಳ್ಳಗಾಗಿ ನೆನೆದ ಹೆಂಗಸರು ದಿನಾ ಮಾಡುತ್ತಾರೆ.

ಈ ಮಿಶ್ರತಳಿಯ ಕಥೆಯಲ್ಲಿ ಒಬ್ಬ ಇಟಲಿಯವನೂ ಇದ್ದಾನೆ ಅಂದರೆ ನಂಬುತ್ತೀರಾ? ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದದ್ದು 1912ರಿಂದ 1918. ಆ ಅವಧಿಯಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞನನ್ನು ಕರೆಸಿಕೊಂಡಿತು. 1914ರಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಶುರುವಾಯಿತು, ನಮ್ಮ ಮೈಸೂರು ತಳಿಯ ಜೊತೆ ವಿದೇಶಿ ತಳಿ ಕೂಡಿಸುವ ಪ್ರಯೋಗಗಳು ನಡೆದವು. ಒಬ್ಬ ಪರಊರಿನವನಿಗೆ ಇರಲು ಜಾಗ, ನೋಡಲು ಅವಕಾಶ ಕೊಟ್ಟದ್ದರಿಂದ ನಮ್ಮ ರೇಷ್ಮೆಗೆ ಏನೆಲ್ಲ ಲಾಭವಾಯಿತು ನೋಡಿ. ಬಂದವನನ್ನು 'ಯಾರ ಮನೆಗೆ?' ಅಂತ ಕೇಳಿ ವಾಪಸ್ ಕಳಿಸಿದ್ದರೆ?

ನಾನು ಕೇಳುತ್ತಿರುವುದು ದೊಡ್ಡ ಟೂರಿಸಂ ಪ್ಲಾನ್ ಅಲ್ಲ. ರೆಸಾರ್ಟ್ ಬೇಡ, ಸೆಲ್ಫಿ ಪಾಯಿಂಟ್ ಖಂಡಿತ ಬೇಡ. ಬಸ್ ಸ್ಟ್ಯಾಂಡಿನಲ್ಲೋ ಸ್ಟೇಷನ್ನಿನಲ್ಲೋ ಬ್ಯಾಗು ಇಟ್ಟುಹೋಗಲು ಒಂದು ರೂಮು. ಗೋಡೆ ಮೇಲೆ ಊರಿನ ಒಂದು ನಕ್ಷೆ, ಕನ್ನಡದಲ್ಲಿ. ಬೀಗ ಹಾಕದ, ನೀರಿರುವ ಹೆಂಗಸರ ಶೌಚಾಲಯ. ಗುರುತಿನ ಚೀಟಿ ನೋಡಿ, ಒಬ್ಬರಾ ಇಬ್ಬರಾ ಅಂತ ನೋಡದೆ ರೂಮು ಕೊಡುವ ಒಂದೇ ಒಂದು ಲಾಡ್ಜು. ಊರಿನ ಲೈಬ್ರರಿಯಲ್ಲಿ ಪರಊರಿನವರೂ ಅರ್ಧ ಗಂಟೆ ಕೂರಬಹುದು ಅನ್ನುವ ಒಂದು ಬೋರ್ಡು. ಪುರಸಭೆಯವರ ಪಾರ್ಕ್ ಉದ್ಘಾಟನೆಯ ಫ್ಲೆಕ್ಸುಗಳ ಖರ್ಚಿನಲ್ಲೇ ಇದರಲ್ಲಿ ಮುಕ್ಕಾಲು ಆಗಿಹೋಗುತ್ತದೆ.

'ಯಾರ ಮನೆಗೆ ಬಂದಿದ್ದೀರಾ?' ಅನ್ನುವ ಪ್ರಶ್ನೆಯನ್ನು ನಿಲ್ಲಿಸಿ ಅಂತಲೂ ನಾನು ಹೇಳುವುದಿಲ್ಲ. ಬೊಲೊನ್ಯಾದ ಆ ಸಂಜೆ ಯಾರಾದರೂ ಒಬ್ಬರು ಆ ಪ್ರಶ್ನೆ ಕೇಳಿದ್ದರೆ ನನಗೂ ಚೆನ್ನಾಗಿರುತ್ತಿತ್ತು. ಕೇಳಿ. ಆದರೆ 'ಯಾರ ಮನೆಗೂ ಇಲ್ಲ, ಸುಮ್ನೆ ಊರು ನೋಡೋಕೆ' ಅನ್ನುವ ಉತ್ತರ ಬಂದರೆ ಹುಬ್ಬೇರಿಸದೆ, 'ಓ ಹಾಗಾ? ಮಾರ್ಕೆಟ್ ಆ ಕಡೆ ಇದೆ, ಬೇಗ ಹೋಗಿ, ಹರಾಜು ಶುರುವಾಗುತ್ತೆ' ಅಂತ ದಾರಿ ತೋರಿಸಿ ಬಿಟ್ಟುಬಿಡಿ. ಅಷ್ಟು ಸಾಕು.

ಬ್ಲಾಗ್ ಗೆಳೆಯರಿಗೆ ಒಂದು ಕೋರಿಕೆ. ಮುಂದಿನ ರಜೆಯಲ್ಲಿ ನಿಮಗೆ ಗುರುತಿನವರು ಯಾರೂ ಇಲ್ಲದ, ಪ್ರವಾಸಿ ಪಟ್ಟಿಯಲ್ಲೂ ಇಲ್ಲದ ನಮ್ಮದೇ ರಾಜ್ಯದ ಒಂದು ಊರಿಗೆ ರಾತ್ರಿ ರೈಲು ಹತ್ತಿ. ಒಬ್ಬರೇ. ಬೆಳಿಗ್ಗೆ ಕಂಡದ್ದನ್ನು ಬರೆಯಿರಿ. ಎಲ್ಲಿ ರೂಮು ಕೊಟ್ಟರು, ಎಲ್ಲಿ ಕೊಡಲಿಲ್ಲ, ಎಲ್ಲಿ ಕಾಫಿ ಚೆನ್ನಾಗಿತ್ತು, ಅದನ್ನೂ ಸೇರಿಸಿ. ಹುಡುಗಿಯರು ಬರೆದರಂತೂ ಇನ್ನೂ ಒಳ್ಳೆಯದು, ನಂತರ ಹೊರಡುವವಳಿಗೆ ಅದೇ ನಕ್ಷೆ ಆಗುತ್ತದೆ. ಶಿಡ್ಲಘಟ್ಟಕ್ಕೆ ಬರುವುದಾದರೆ ಬನ್ನಿ, ನಮ್ಮಮ್ಮನ ಕಣ್ಣಿಗೆ ಮಾತ್ರ ಬೀಳಬೇಡಿ, ಮಾರ್ಕೆಟ್ ತಪ್ಪಿಹೋಗುತ್ತೆ :)

ಏನಂತೀರಿ?